ಬಾಟಲಿ ಬಿಳಿಯಾದರೆ ಲ್ಯಾಂಪ್ ಮುಟ್ಟುವುದು ಕೊನೆಗೆ

ಈ ಎರಡು ಬಾಟಲಿ ನೋಡಿ. ಒಂದೇ ಡೈನಿಂದ, ಅಂದರೆ ಒಂದೇ ಅಚ್ಚಿನಿಂದ ಬಂದವು, ಎರಡೂ ಒಂದು ಲೀಟರಿನವು. ಎರಡೂ ಬುಡದ ಹತ್ತಿರ ಬೆಳ್ಳಗಾಗಿವೆ. ಕ್ಯಾಮೆರಾದಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಒಂದಕ್ಕೆ ಬಿಸಿ ಸಾಕಾಗಿಲ್ಲ, ಇನ್ನೊಂದಕ್ಕೆ ಬಿಸಿ ಜಾಸ್ತಿಯಾಗಿದೆ. ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ಆ ದಿನದ ಮಾಲೆಲ್ಲ ಗುಜರಿಗೆ.

ನಮಸ್ಕಾರ. ನಾನೀಗ ಕುಮಟಾದಲ್ಲಿದ್ದೇನೆ, ನಮ್ಮ ಸಣ್ಣ ಬಾಟಲಿ ಘಟಕದ ಒಳಗೆ. ಮುರುಗಲು ಶರಬತ್ತು, ಜೇನುತುಪ್ಪ, ಕೊಬ್ಬರಿ ಎಣ್ಣೆ ಮಾರುವವರು ನಮ್ಮ ಗಿರಾಕಿಗಳು. ಪ್ರಿಫಾರ್ಮ್ ಹೊರಗಿನಿಂದ ತರಿಸುತ್ತೇವೆ, ಇಲ್ಲಿ ಕಾಯಿಸಿ ಊದುತ್ತೇವೆ. ಇವತ್ತು ಪೂರ್ತಿ ಆ ಕಾಯಿಸುವ ಕೆಲಸದ್ದೇ ಮಾತು.

ನನ್ನ ಕೈಯಲ್ಲಿರುವುದೇ ಪ್ರಿಫಾರ್ಮ್. ಪೆಟ್ ಪ್ಲಾಸ್ಟಿಕ್‌ನ ದಪ್ಪ ಗೋಡೆಯ ಕೊಳವೆ. ಮುಚ್ಚಳ ಕೂರುವ ಕುತ್ತಿಗೆ, ಅದರ ತಿರುಪು ಎಲ್ಲ ಈಗಲೇ ತಯಾರಾಗಿದೆ. ಆ ಭಾಗಕ್ಕೆ ಬಿಸಿ ತಾಗಲೇಬಾರದು. ತಾಗಿದರೆ ಕುತ್ತಿಗೆ ಸೊಟ್ಟಗಾಗಿ ಮುಚ್ಚಳ ಸೋರುತ್ತದೆ. ಅದಕ್ಕೇ ಓವನ್‌ನಲ್ಲಿ ಕುತ್ತಿಗೆಯ ಕೆಳಗೆ ಈ ತಗಡಿನ ಅಡ್ಡ ಇದೆ, ಅದರೊಳಗೆ ತಣ್ಣೀರು ಓಡುತ್ತಿರುತ್ತದೆ.

ಉಳಿದ ಭಾಗ ಓವನ್‌ನಲ್ಲಿ ಕಾಯಿಸುವ ಲ್ಯಾಂಪ್‌ಗಳ ಮುಂದೆ ತಿರುಗುತ್ತಾ ಸಾಗುತ್ತದೆ. ಪೆಟ್ ಸುಮಾರು 75 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗಲು ಶುರು. ಊದಲು ಬೇಕಾದ ಬಿಸಿ ಸಾಮಾನ್ಯವಾಗಿ 95ರಿಂದ 110 ಡಿಗ್ರಿ. ಅಷ್ಟೇ ಜಾಗ. ಆಮೇಲೆ ಡೈ ಮುಚ್ಚುತ್ತದೆ, ಸರಳು ಕೆಳಗಿಳಿದು ಉದ್ದಕ್ಕೆ ಎಳೆಯುತ್ತದೆ, ಮೊದಲು ಸಣ್ಣ ಪ್ರೆಷರ್ ಗಾಳಿ, ತಕ್ಷಣ ದೊಡ್ಡ ಪ್ರೆಷರ್. ಡುಪಾಂಟ್ ಕಂಪನಿಯ ನಥಾನಿಯಲ್ ವೈಯತ್ ಅವರಿಗೆ 1973ರಲ್ಲಿ ಪೇಟೆಂಟ್ ಸಿಕ್ಕಿದ್ದು ಹೀಗೆ ಎರಡೂ ದಿಕ್ಕಿಗೆ ಎಳೆದು ಮಾಡಿದ ಪೆಟ್ ಬಾಟಲಿಗೆ. ಬಾಟಲಿಗೆ ಗಟ್ಟಿತನ ಬರುವುದು ಆ ಎಳೆತದಿಂದ. ಬಿಸಿ ಸರಿ ಇದ್ದರೆ ಮಾತ್ರ ಎಳೆತ ಸರಿ.

ಈಗ ಆ ಎರಡು ಬಾಟಲಿಗೆ ಬರೋಣ. ನಮ್ಮಲ್ಲಿ ಮಶಿನ್ ನೋಡಿಕೊಳ್ಳುವ ಅಕ್ಕ ಒಂದು ಮಾತು ಹೇಳುತ್ತಾರೆ: "ತಮಾ, ಬಟನ್ ಹತ್ರ ಹೋಗಬೇಡ, ಮೊದ್ಲು ಕತ್ತರಿಸಿ ನೋಡು." ಕತ್ತರಿಸಿದ್ದೇನೆ. ಮೊದಲನೆಯದನ್ನು ಬಾಗಿಲ ಬೆಳಕಿಗೆ ಹಿಡಿಯುತ್ತೇನೆ. ಬಿಳುಪಿಗೆ ಬೆಳ್ಳಿಯ ಹೊಳಪಿದೆ, ಓರೆ ಮಾಡಿದರೆ ಮಿರಮಿರ ಅನ್ನುತ್ತದೆ. ಒಳಗಿನ ಮೈ ಮೇಲೆ ಉಗುರು ಎಳೆದರೆ ಸಣ್ಣದಾಗಿ ತರಿತರಿ ಸಿಗುತ್ತದೆ. ಹೊರಗಿನ ಮೈ ನುಣುಪು. ಇದು ಬಿಸಿ ಸಾಲದೆ ಬಂದದ್ದು. ತಣ್ಣಗಿದ್ದ ಪ್ಲಾಸ್ಟಿಕ್ಕನ್ನು ಅದರ ಶಕ್ತಿ ಮೀರಿ ಎಳೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಬೀಳುತ್ತವೆ. ಬೆಳಕು ಅಲ್ಲಿ ಚದುರುತ್ತದೆ.

ಎರಡನೆಯದರಲ್ಲಿ ಹೊಳಪೇ ಇಲ್ಲ. ಮಂಕು, ಹೊಗೆ ಕವಿದ ಬಿಳುಪು. ತರಿಯೂ ಇಲ್ಲ. ಇದು ಬಿಸಿ ಜಾಸ್ತಿಯಾಗಿ ಬಂದದ್ದು. ಪೆಟ್ 120 ಡಿಗ್ರಿ ದಾಟಿ ಮೇಲೆ ಹೋದಷ್ಟೂ ಒಳಗೆ ಹರಳು ಕಟ್ಟುವುದು ಚುರುಕಾಗುತ್ತದೆ. ಇದಕ್ಕೆ ಲ್ಯಾಂಪ್ ಏರಿಸಿದರೆ ಇನ್ನಷ್ಟು ಬಿಳಿ, ಮೊದಲನೆಯದಕ್ಕೆ ಇಳಿಸಿದರೆ ಇನ್ನಷ್ಟು ಬಿಳಿ.

ತರಿ ಒಳಗಡೆಯೇ ಯಾಕೆ ಬಂತು? ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ವಿಷಯ ಇದು. ಕೊಳವೆಯ ಒಳಸುತ್ತು ಹೊರಸುತ್ತಿಗಿಂತ ಚಿಕ್ಕದು. ಊದಿದ ಮೇಲೆ ಗೋಡೆ ತೆಳುವಾಗಿ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬರುತ್ತವೆ. ಅಂದರೆ ಒಳಮೈ ಹೊರಮೈಗಿಂತ ಜಾಸ್ತಿ ಹಿಗ್ಗಬೇಕು. ಜಾಸ್ತಿ ಹಿಗ್ಗಬೇಕಾದದ್ದಕ್ಕೆ ಬಿಸಿಯೂ ಚೂರು ಜಾಸ್ತಿ ಬೇಕು. ಆದರೆ ಲ್ಯಾಂಪ್ ಇರುವುದು ಹೊರಗೆ! ಎಣ್ಣೆ ಅತಿಯಾಗಿ ಕಾದರೆ ಬನ್ಸ್ ಹೊರಗೆ ಕೆಂಪಾಗಿ ಒಳಗೆ ಹಸಿ ಹಿಟ್ಟು ಉಳಿಯುತ್ತದಲ್ವಾ, ಇಲ್ಲಿಯೂ ಅದೇ ತೊಂದರೆ.

ಅದಕ್ಕೆ ಓವನ್‌ನಲ್ಲಿ ಬ್ಲೋಯರ್ ಇಟ್ಟಿರುವುದು. ಕಾಯಿಸುವ ಜಾಗದಲ್ಲಿ ಗಾಳಿ ಊದುವುದು ಹೊಸಬರಿಗೆ ವಿಚಿತ್ರ ಅನ್ನಿಸಬಹುದು. ಲ್ಯಾಂಪ್‌ನ ಕಿರಣದ ಒಂದು ಪಾಲು ಗೋಡೆಯೊಳಗೆ ಇಳಿಯುತ್ತದೆ, ಗಾಳಿ ಹೊರಮೈಯನ್ನು ಮಾತ್ರ ತಣಿಸುತ್ತದೆ. ಹೊರಗೆ ಸುಡದೆ ಒಳಗೆ ಬಿಸಿ ಮುಟ್ಟಿಸಲು ಇದೇ ದಾರಿ. ಇನ್ನೊಂದು, ಕೊನೆಯ ಲ್ಯಾಂಪ್ ದಾಟಿ ಡೈಗೆ ಹೋಗುವ ಮೊದಲು ಸಿಗುವ ಕೆಲವು ಸೆಕೆಂಡು. ಆಗ ಹೊರಮೈ ಸ್ವಲ್ಪ ಆರುತ್ತದೆ, ಬಿಸಿ ಒಳಕ್ಕೆ ನಡೆಯುತ್ತದೆ. ಉತ್ಪಾದನೆ ಹೆಚ್ಚಿಸಬೇಕೆಂದು ಪ್ರಿಫಾರ್ಮ್ ಸಾಗಿಸುವ ಚೈನ್‌ನ ಸ್ಪೀಡ್ ಏರಿಸಿ, ಅದಕ್ಕೆ ಸರಿಯಾಗಿ ಲ್ಯಾಂಪನ್ನೂ ಏರಿಸುವವರು ಬಹಳ. ಅವರು ಕಳೆದುಕೊಳ್ಳುವುದು ಈ ಸೆಕೆಂಡುಗಳನ್ನು. ನನ್ನ ಪ್ರಕಾರ ಲ್ಯಾಂಪ್‌ಗಿಂತ ಈ ಬಿಡುವೇ ಮುಖ್ಯ.

ಈ ಗನ್ ಥರ್ಮಾಮೀಟರ್ ಉಪಯೋಗದ್ದೇ, ಆದರೆ ಅದು ತೋರಿಸುವುದು ಹೊರಮೈಯ ಬಿಸಿ ಮಾತ್ರ. ಈಗ 104 ಅಂತ ತೋರಿಸುತ್ತಿದೆ. ಒಳಗೆ ಎಷ್ಟು ಅಂತ ಇದಕ್ಕೆ ತಿಳಿಯುವುದಿಲ್ಲ. ನಂಬರ್ ಸರಿ ಇದ್ದರೂ ಬಾಟಲಿ ಕೆಡಬಹುದು. ಪ್ರತಿ ಸಲ ಒಂದೇ ಜಾಗದಲ್ಲಿ ಹಿಡಿದು ನೋಡಿದರೆ ನಿನ್ನೆಗೂ ಇವತ್ತಿಗೂ ಹೋಲಿಸಲು ಒಳ್ಳೆಯದು.

ಲ್ಯಾಂಪ್‌ಗಳು ಮೇಲಿಂದ ಕೆಳಗೆ ಸಾಲುಸಾಲಾಗಿವೆ, ಒಂದೊಂದಕ್ಕೂ ಬೇರೆ ಶೇಕಡಾ ಕೊಡಬಹುದು. ಬಿಸಿ ಜಾಸ್ತಿ ಇದ್ದಲ್ಲಿ ಪ್ಲಾಸ್ಟಿಕ್ ಬೇಗ ಎಳೆದು ತೆಳುವಾಗುತ್ತದೆ, ಕಡಿಮೆ ಇದ್ದಲ್ಲಿ ದಪ್ಪ ಉಳಿಯುತ್ತದೆ. ಕುತ್ತಿಗೆಯ ಕೆಳಗೆ ತಣ್ಣೀರಿನ ಅಡ್ಡ ಬಿಸಿ ಕದಿಯುವುದರಿಂದ ಅಲ್ಲಿನ ಲ್ಯಾಂಪ್ ಸಾಮಾನ್ಯವಾಗಿ ಜೋರಾಗಿರುತ್ತದೆ. ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ, ಹೊಸ ಬಿಸಿಯ ಪ್ರಿಫಾರ್ಮ್ ಡೈ ತನಕ ಬರಲು ಬಿಡಿ. ಆಮೇಲೆ ನೋಡಿ.

ಈಗ ಲೆಕ್ಕದ ಹಾಗೆ ಕೆಟ್ಟ ಬಾಟಲಿ ಬರುತ್ತಿದ್ದರೆ, ಅಂದರೆ ಚೈನ್ ಒಂದು ಸುತ್ತು ಮುಗಿಸಿದಾಗಲೆಲ್ಲ ಒಂದು, ಅದು ಲ್ಯಾಂಪ್ ತಪ್ಪಲ್ಲವೇ ಅಲ್ಲ. ಪ್ರಿಫಾರ್ಮ್ ಹಿಡಿದು ತಿರುಗಿಸುವ ಒಂದು ಹೋಲ್ಡರ್ ತಿರುಗುತ್ತಿಲ್ಲ. ಒಂದೇ ಮಗ್ಗುಲು ಕಾದು ಬಾಟಲಿ ಒಂದು ಕಡೆ ತೆಳು, ಒಂದು ಕಡೆ ದಪ್ಪ.

ನಮ್ಮ ಕರಾವಳಿಯಲ್ಲಿ ಇನ್ನೂ ಒಂದು ತಾಪತ್ರಯ. ಪೆಟ್ ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಪ್ರಿಫಾರ್ಮ್ ಸ್ವಲ್ಪ ಕಡಿಮೆ ಬಿಸಿಗೇ ಮೆದುವಾಗುತ್ತದೆ. ಆಷಾಢದ ಮಳೆಯಲ್ಲಿ ತೆರೆದಿಟ್ಟ ಚೀಲಕ್ಕೂ ಹೊಸದಾಗಿ ಬಿಚ್ಚಿದ ಚೀಲಕ್ಕೂ ವ್ಯತ್ಯಾಸ ಬರುತ್ತದೆ. ಆದ್ದರಿಂದ ಬಿಚ್ಚಿದ ಚೀಲ ಮೊದಲು ಮುಗಿಸಿ, ಉಳಿದವನ್ನು ಬಾಯಿ ಕಟ್ಟಿ, ಹಲಗೆ ಮೇಲೆ ಇಡಿ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದವರೆಗೆ ಬಿದ್ದಿದ್ದ ಪ್ರಿಫಾರ್ಮ್ ಬೆಳಗಿನದಕ್ಕಿಂತ 10-15 ಡಿಗ್ರಿ ಬಿಸಿಯಾಗಿಯೇ ಓವನ್‌ಗೆ ಹೋಗಬಹುದು. ಊದಲು ಬೇಕಾದ ಬಿಸಿಯ ಜಾಗವೇ 15 ಡಿಗ್ರಿ ಅಗಲದ್ದು, ನೆನಪಿಡಿ. ಹಿಂದಿನ ರಾತ್ರಿಯೇ ಚೀಲಗಳನ್ನು ಮಶಿನ್ ಕೋಣೆಗೆ ತಂದಿಟ್ಟರೆ ಅರ್ಧ ಕಿರಿಕಿರಿ ಕಡಿಮೆ.

ಕರೆಂಟು ಕೂಡ. ವೋಲ್ಟೇಜ್ ಸ್ವಲ್ಪ ಇಳಿದರೆ ಲ್ಯಾಂಪ್‌ನ ಬಿಸಿ ಅದಕ್ಕಿಂತ ದೊಡ್ಡ ಪಾಲಿನಲ್ಲಿ ಇಳಿಯುತ್ತದೆ. ಸಂಜೆ ಹೊತ್ತು ಸುಮ್ನೆ ತರಿ ಕಾಣಿಸಿಕೊಂಡರೆ ನಾವು ಮೊದಲು ನೋಡುವುದು ವೋಲ್ಟ್‌ಮೀಟರ್. ಓವನ್‌ಗೆ ಸ್ಟೆಬಿಲೈಸರ್ ಹಾಕಿಸುವ ಖರ್ಚು ದಂಡವಲ್ಲ. ಲ್ಯಾಂಪ್ ಹಿಂದಿನ ಪ್ರತಿಫಲಕಕ್ಕೆ ಧೂಳು ಕೂತರೂ ಬಿಸಿ ಇಳಿಯುತ್ತದೆ, ಓವನ್ ಆರಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ.

ಕೊನೆಯದಾಗಿ ಶರಬತ್ತು ಮಾಡುವವರಿಗೆ. ಇಷ್ಟು ಜೋಪಾನವಾಗಿ ಊದಿದ ಬಾಟಲಿಗೆ ಕುದಿಯುವ ಮುರುಗಲು ಪಾಕ ಸುರಿಯಬೇಡಿ. ಎಳೆದು ನಿಲ್ಲಿಸಿದ ಪ್ಲಾಸ್ಟಿಕ್ ಮತ್ತೆ ಬಿಸಿ ತಾಗಿದರೆ ಹಿಂದಕ್ಕೆ ಮುದುಡುತ್ತದೆ. ಬಿಸಿ ತುಂಬಲೇಬೇಕು ಅನ್ನುವವರಿಗೆ ಬಿಸಿ ಡೈನಲ್ಲಿ ಹದಗೊಳಿಸಿದ ಬೇರೆ ಬಾಟಲಿ ಇದೆ, ನಮ್ಮ ಮಶಿನ್ ಅದನ್ನು ಮಾಡುವುದಿಲ್ಲ. ಈ ಬಾಟಲಿಗಾದರೆ ಪಾಕ ಪೂರ್ತಿ ಆರಲಿ, ಆಮೇಲೆ ತುಂಬಿ.