ಮುಂದೇನಾಯ್ತು?

ಕೇಳುಗರಿಗೆ ನಮಸ್ಕಾರ.

ನನಗೀಗ 74. ಬೆಳಿಗ್ಗೆ ಪೇಪರ್ ಬಂದರೆ ನಾನು ಮೊದಲು ನೋಡುವುದು ಮುಖಪುಟವನ್ನಲ್ಲ. ಒಳಪುಟದ ಮೂಲೆಯಲ್ಲಿ ನಾಲ್ಕೇ ಸಾಲಿಗೆ ಮುಗಿದುಹೋಗುವ ಸುದ್ದಿ ಇರುತ್ತದಲ್ಲ, ಅದನ್ನು. 'ಮನೆಯಲ್ಲಿ ಕಳವು. ಬಾಗಿಲಿಗೆ ಹಾಕಿದ ಬೀಗ ಹಾಗೆಯೇ ಇತ್ತು. ತನಿಖೆ ಮುಂದುವರಿದಿದೆ.' ಮುಗಿಯಿತು. ಬೀಗ ಹಾಗೆಯೇ ಇತ್ತು ಅಂದರೆ ಏನರ್ಥ ಸ್ವಾಮಿ? ಒಳಗೆ ಹೋದವನು ಎಲ್ಲಿಂದ ಹೋದ? ಇನ್ನೊಂದು ಕೀ ಯಾರ ಹತ್ತಿರ ಇತ್ತು? ಮಾರನೇ ದಿನ ಹುಡುಕುತ್ತೇನೆ, ಸುದ್ದಿ ಇಲ್ಲ. ವಾರ ಕಳೆದರೂ ಇಲ್ಲ.

ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಪುಟಕ್ಕೆ ಸುದ್ದಿ ಕತ್ತರಿಸಿ ಅಂಟಿಸುತ್ತೇನೆ. ಬಲಗಡೆ ಮೇಲೆ 'ಮುಂದೇನಾಯ್ತು?' ಎಂದು ಬರೆದು ಖಾಲಿ ಬಿಡುತ್ತೇನೆ. ಹನ್ನೊಂದು ವರ್ಷವಾಯಿತು. ಬಲಗಡೆಯ ಪುಟಗಳು ಹೆಚ್ಚಿನವು ಇನ್ನೂ ಬೆಳ್ಳಗೇ ಇವೆ. ಸುಮ್ನೆ ಕಾಗದ ದಂಡ ಅನ್ನುತ್ತಾರೆ ಮನೆಯವರು.

ಪತ್ತೇದಾರಿ ಕಥೆಯ ಚಟ ನನಗೆ ಹತ್ತಿದ್ದು ಬಹುಶಃ ಇದೇ ಕಾರಣಕ್ಕೆ. ಅಲ್ಲಿ ಬೀಗ ಹಾಗೆಯೇ ಇದ್ದರೆ, ಯಾಕೆ ಅಂತ ಕೊನೆಗಾದರೂ ಯಾರೋ ಒಬ್ಬರು ಹೇಳಲೇಬೇಕು.

ತಮಾಷೆ ಅಂದರೆ, ಆ ಕಥೆಗಳ ಪತ್ತೇದಾರರೂ ನನ್ನ ಹಾಗೆ ಪೇಪರ್ ಹುಚ್ಚಿನವರೇ. ಅಪರಾಧದ ಸುದ್ದಿ, ಖಾಸಗಿ ಜಾಹೀರಾತು, ಇವೆರಡು ಬಿಟ್ಟು ಬೇರೇನೂ ಓದುವುದಿಲ್ಲ ಅನ್ನುತ್ತಾನೆ ಷರ್ಲಾಕ್ ಹೋಮ್ಸ್. ಒಂದು ಕಥೆಯಲ್ಲಿ ಅವನ ಮುಂದೆ ಬೆದರಿಕೆ ಪತ್ರ ಬರುತ್ತದೆ. ಪೇಪರಿನಿಂದ ಪದಗಳನ್ನು ಕತ್ತರಿಸಿ ಅಂಟಿಸಿದ ಪತ್ರ. ಹೋಮ್ಸ್ ಅಚ್ಚಿನ ಅಕ್ಷರ ನೋಡಿಯೇ ಇದು ಟೈಮ್ಸ್ ಪತ್ರಿಕೆಯ ಸಂಪಾದಕೀಯ ಅನ್ನುತ್ತಾನೆ. ಕತ್ತರಿಸಿದ್ದು ಉಗುರು ಕತ್ತರಿಯಿಂದ ಅಂತಲೂ ಹೇಳುತ್ತಾನೆ. ಇದೆಲ್ಲ ಸರಿ, ಪತ್ತೇದಾರ ಅಂದಮೇಲೆ ಅಷ್ಟು ಗೊತ್ತಿರಬೇಕು. ನನಗೆ ಇಷ್ಟವಾದದ್ದು ಆಮೇಲಿನ ಒಂದು ಮಾತು. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಎರಡು ಪತ್ರಿಕೆಗಳ ಅಕ್ಷರ ನೋಡಿ ಯಾವುದು ಯಾವುದೆಂದು ತಪ್ಪು ಮಾಡಿದ್ದೆ ಎಂದು ಒಪ್ಪಿಕೊಳ್ಳುತ್ತಾನೆ! ಅದೂ ನಾಚಿಕೆಯಿಂದ.

ಹೋಮ್ಸ್‌ಗಿಂತ ಮೊದಲಿನವನು ಎಡ್ಗರ್ ಅಲನ್ ಪೋ ಸೃಷ್ಟಿಸಿದ ಡ್ಯುಪಿನ್. 1841ರಲ್ಲಿ ನ್ಯೂಯಾರ್ಕಿನಲ್ಲಿ ಮೇರಿ ರೋಜರ್ಸ್ ಎಂಬ ಯುವತಿ ಕಾಣೆಯಾದಳು. ಹಡ್ಸನ್ ನದಿಯಲ್ಲಿ ಶವ ಸಿಕ್ಕಿತು. ಪತ್ರಿಕೆಗಳು ಒಂದೊಂದೂ ಒಂದೊಂದು ಕಥೆ ಬರೆದವು. ಪೋ ಏನು ಮಾಡಿದರು ಗೊತ್ತಾ? ಹುಡುಗಿಯ ಹೆಸರು ಸ್ವಲ್ಪ ಬದಲಿಸಿದರು, ಊರನ್ನು ಪ್ಯಾರಿಸ್ ಮಾಡಿದರು, ಡ್ಯುಪಿನ್ ಕೈಗೆ ಪೇಪರ್ ಕಟ್ಟು ಕೊಟ್ಟರು. ಅವನು ಪತ್ರಿಕೆ ಪತ್ರಿಕೆಗೆ ತಾಳೆ ನೋಡುತ್ತಾ, ಇವರು ಬರೆದದ್ದು ಇಲ್ಲಿ ತಪ್ಪು, ಅವರು ಬರೆದದ್ದು ಅಲ್ಲಿ ತಪ್ಪು ಅಂತ ವಾದ ಮಾಡುತ್ತಾನೆ. ನಿಜವಾದ ಮೇರಿಯ ಕೊಲೆಗಾರ ಮಾತ್ರ ಇವತ್ತಿಗೂ ಪತ್ತೆಯಾಗಿಲ್ಲ. ನನ್ನ ನೋಟ್‌ಬುಕ್ಕಿನ ಬಲಗಡೆ ಪುಟದ ಹಾಗೆ.

ಇನ್ನೊಂದು ಪ್ರಸಂಗ ಹೇಳಲೇಬೇಕು. ಇದು ಕಥೆಯಲ್ಲ. ಇಂಗ್ಲೆಂಡಿನಲ್ಲಿ ಜಾರ್ಜ್ ಎಡಲ್ಜಿ ಎಂಬ ವಕೀಲರಿದ್ದರು. ಅವರ ತಂದೆ ಮುಂಬಯಿಯ ಪಾರ್ಸಿ ಮನೆತನದವರು. ಕ್ರೈಸ್ತರಾಗಿ ಅಲ್ಲಿನ ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದರು. 1903ರಲ್ಲಿ ಆ ಹಳ್ಳಿಯಲ್ಲಿ ಯಾರೋ ರಾತ್ರಿ ಹೊತ್ತು ಕುದುರೆ, ದನಗಳ ಹೊಟ್ಟೆ ಸೀಳುತ್ತಿದ್ದರು. ಅದನ್ನು ಎಡಲ್ಜಿ ತಲೆಗೆ ಕಟ್ಟಿ ಏಳು ವರ್ಷದ ಶಿಕ್ಷೆ ಕೊಟ್ಟರು. ಮೂರು ವರ್ಷಕ್ಕೆ ಬಿಟ್ಟರು, ಆದರೆ ಕಳಂಕ ಹೋಗಲಿಲ್ಲ. ಅವರು ಹೋಮ್ಸ್ ಕಥೆಗಳ ಲೇಖಕ ಕಾನನ್ ಡಾಯ್ಲ್ ಮೊರೆ ಹೋದರು.

1907ರಲ್ಲಿ ಒಂದು ಹೋಟೆಲ್ಲಿನಲ್ಲಿ ಭೇಟಿ. ಡಾಯ್ಲ್ ಬರುವುದು ತಡವಾಯಿತು. ಎಡಲ್ಜಿ ಪೇಪರ್ ಓದುತ್ತಾ ಕೂತಿದ್ದರು. ಡಾಯ್ಲ್ ಬಾಗಿಲ ಹತ್ತಿರ ನಿಂತು ನೋಡಿದರು. ಆ ಮನುಷ್ಯ ಪೇಪರನ್ನು ಮುಖಕ್ಕೆ ತೀರಾ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದಿದ್ದಾರೆ. ಡಾಯ್ಲ್ ಕಣ್ಣಿನ ವೈದ್ಯ ಕಲಿತವರು. ಇಷ್ಟು ಮಂದ ದೃಷ್ಟಿಯವರು ಕತ್ತಲಲ್ಲಿ ಹೊಲ, ಬೇಲಿ ದಾಟಿ ಹೋಗಿ ಕುದುರೆ ಕೊಲ್ಲುವುದಾ? ಮಾತು ಶುರುವಾಗುವ ಮೊದಲೇ ಅವರ ಮನಸ್ಸು ತೀರ್ಪು ಕೊಟ್ಟಾಗಿತ್ತು. ಪತ್ರಿಕೆಯಲ್ಲಿ ಬರೆದರು, ಹೋರಾಡಿದರು. ಅದೇ ವರ್ಷ ಎಡಲ್ಜಿಗೆ ಕ್ಷಮಾದಾನ ಸಿಕ್ಕಿತು. ಪರಿಹಾರ ಅಂತ ಒಂದು ಕಾಸೂ ಸಿಗಲಿಲ್ಲ. ಏನೂ ಮಾಡದವನಿಗೆ ಕ್ಷಮೆ ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಇರಲಿ.

ಕಾದಂಬರಿ ಓದಿ ಹಾಳಾದೆ ಅಂತ ಬೈಸಿಕೊಂಡವರಿಗೆ ಇನ್ನೊಂದು ಸಂಗತಿ. ಆಗಾಥ ಕ್ರಿಸ್ಟಿ 1961ರ ಕಾದಂಬರಿಯೊಂದರಲ್ಲಿ ಥ್ಯಾಲಿಯಂ ಎಂಬ ವಿಷದ ಲಕ್ಷಣ ಬರೆದಿದ್ದರು. ಕೂದಲು ಉದುರುವುದು ಅದರಲ್ಲಿ ಮುಖ್ಯ. 1977ರಲ್ಲಿ ಲಂಡನ್ನಿನ ಆಸ್ಪತ್ರೆಗೆ ಕತಾರ್‌ನಿಂದ ಒಂದು ಮಗು ಬಂತು. ಕಾಯಿಲೆ ಏನೆಂದು ವೈದ್ಯರಿಗೆ ತಿಳಿಯಲಿಲ್ಲ. ನೋಡಿಕೊಳ್ಳುತ್ತಿದ್ದ ನರ್ಸ್ ಆಗ ಅದೇ ಕಾದಂಬರಿ ಓದುತ್ತಿದ್ದರು. ಮಗುವಿನ ಕೂದಲು ಉದುರಿದ್ದನ್ನು ನೋಡಿ, ಇದು ಥ್ಯಾಲಿಯಂ ಇರಬಹುದಾ ಎಂದರು. ಪರೀಕ್ಷೆ ಮಾಡಿದರೆ ಅದೇ! ಮಗು ಉಳಿಯಿತು.

ಅದೇ ಕ್ರಿಸ್ಟಿ ಸೃಷ್ಟಿಸಿದ ಪತ್ತೇದಾರ ಪೊಯರೋ ಕಥೆಯೊಳಗೆ ಸತ್ತಾಗ, 1975ರ ಆಗಸ್ಟ್ 6ರಂದು, ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ನಿಧನವಾರ್ತೆ ಹಾಕಿತು. ಹುಟ್ಟದೇ ಇದ್ದ ಮನುಷ್ಯನಿಗೆ! ಮುಖಪುಟ ನಾನು ಮೊದಲು ಓದುವುದಿಲ್ಲ ಅಂದೆ. ಅವತ್ತಾದರೆ ಓದುತ್ತಿದ್ದೆ.

ಎಡಲ್ಜಿ ಪೇಪರ್ ಹತ್ತಿರ ಹಿಡಿದ ಕತೆ ಹೇಳಿದೆನಲ್ಲ, ನನ್ನದು ಉಲ್ಟಾ. ಪೇಪರ್ ಎಷ್ಟು ದೂರ ಹಿಡಿದರೂ ಕೈ ಸಾಲುವುದಿಲ್ಲ. ಮೊನ್ನೆ ಕನ್ನಡಕ ಕಾಣೆಯಾಯಿತು. ಶಂಕಿತರ ಪಟ್ಟಿ ಮಾಡಿದೆ. ಮೊದಲ ಹೆಸರು ಮೊಮ್ಮಗಳದ್ದು, ಹತ್ತು ವರ್ಷದವಳು. ವಿಚಾರಣೆಗೆ ಕರೆದೆ. ಅವಳು ಉತ್ತರ ಕೊಡದೆ ಸುತ್ತ ನೋಡಿದಳು. ಮೇಜಿನ ಮೇಲಿದ್ದ ನನ್ನ ಕಾದಂಬರಿ ತೋರಿಸಿ, 'ಅಜ್ಜಾ, ಈ ಪುಸ್ತಕಕ್ಕೆ ಯಾಕೆ ಹೊಟ್ಟೆ ಬಂದಿದೆ?' ಎಂದಳು. ಕನ್ನಡಕ ಅದರೊಳಗೇ ಇತ್ತು. ರಾತ್ರಿ ನಿದ್ದೆಗಣ್ಣಲ್ಲಿ ಗುರುತಿಗೆ ಇಟ್ಟವನು ನಾನೇ. ಇನ್ನು ಮೂರೇ ಪುಟ ಬಾಕಿ ಇದ್ದವು.

ಅವಳು ಕನ್ನಡಕ ತೆಗೆದಳು. ಆ ಪುಟ ಓದಿದಳು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಡುತ್ತಾ, 'ಲಾಯರೇ ಅಜ್ಜಾ ಕೊಂದಿದ್ದು' ಎಂದಳು.

ನಮಸ್ಕಾರ.