ಅಂಗೈ ಉದ್ದದ ಕಾರಿಗೆ ಹೊಳಪು

ಕೇಳುಗರಿಗೆ ನಮಸ್ಕಾರ.

ಚಿಕ್ಕಮಗಳೂರಿನ ನಮ್ಮ ಮನೆಯ ಕಪಾಟಿನಲ್ಲಿ ಒಂದು ಸ್ಟೀಲ್ ಪಾತ್ರೆ ವಾರಗಟ್ಟಲೆ ಬೋರಲಾಗಿ ಕುಳಿತಿರುತ್ತದೆ. ಅದನ್ನು ಯಾರೂ ಎತ್ತಬಾರದು. ಒಳಗಿರುವುದು 1:24 ಅಳತೆಯ, ಅಂದರೆ ನಿಜವಾದ ಕಾರಿನ ಇಪ್ಪತ್ನಾಲ್ಕನೇ ಒಂದು ಭಾಗದಷ್ಟಿರುವ, ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಪ್ಲಾಸ್ಟಿಕ್ ಮಾದರಿ. ಉದ್ದ ಸುಮಾರು 17 ಸೆಂಟಿಮೀಟರ್, ಮೈಗೆ ಕೆಂಪು ಎನಾಮೆಲ್ ಬಣ್ಣ. ಬಿಡಿಭಾಗಗಳನ್ನು ಅಂಟಿಸಿ ಕಾರು ಕಟ್ಟುವುದು ನಾಲ್ಕು ಸಂಜೆಗಳ ಕೆಲಸ. ಬಣ್ಣಕ್ಕೆ ಹೊಳಪು ತರುವ ಕೆಲಸ ಮಾತ್ರ ನನ್ನನ್ನು ವರ್ಷಗಟ್ಟಲೆ ಆಟವಾಡಿಸಿದೆ.

ಮೊದಲ ಕಾರಿಗೆ ಬಣ್ಣ ಬಳಿದದ್ದು ಜುಲೈ ತಿಂಗಳಿನಲ್ಲಿ. ನಮ್ಮ ಕಡೆಯ ಜುಲೈ ಎಂದರೆ ಹಗ್ಗದ ಮೇಲಿನ ಪಂಚೆಯೂ ಮೂರು ದಿನ ಒಣಗುವುದಿಲ್ಲ. ಮರುದಿನ ಮುಟ್ಟಿ ನೋಡಿದೆ, ಬೆರಳಿಗೆ ಅಂಟಲಿಲ್ಲ. ಒಣಗಿತೆಂದುಕೊಂಡು ಉಜ್ಜಲು ಗಟ್ಟಿಯಾಗಿ ಹಿಡಿದೆ. ಅರ್ಧ ಗಂಟೆಯ ನಂತರ ನೋಡಿದರೆ ಕಾರಿನ ಚಾವಣಿಯ ಮೇಲೆ ನನ್ನ ಹೆಬ್ಬೆರಳಿನ ಗುರುತು, ನೋಂದಣಿ ಕಚೇರಿಯಲ್ಲಿ ಒತ್ತಿಸಿಕೊಂಡಷ್ಟು ಸ್ಪಷ್ಟವಾಗಿ! ಎರಡನೆಯದನ್ನು ಬೇಗ ಒಣಗಲೆಂದು ಊರಿನ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಅದಕ್ಕೆ ಹೊಗೆಯ ಜಿಡ್ಡು ಹತ್ತಿತು, ಬಾಗಿಲೂ ಸೊಟ್ಟಗಾಯಿತು.

ಎನಾಮೆಲ್ ಬಣ್ಣ ಎರಡು ಹಂತಗಳಲ್ಲಿ ಒಣಗುತ್ತದೆ. ಮೊದಲು ತಿನ್ನರ್, ಅಂದರೆ ಬಣ್ಣವನ್ನು ತೆಳುವಾಗಿಸುವ ದ್ರವ, ಆರಿಹೋಗುತ್ತದೆ. ಅದಕ್ಕೆ ಕೆಲವು ಗಂಟೆ ಸಾಕು. ಆಮೇಲೆ ಬಣ್ಣದೊಳಗಿನ ಎಣ್ಣೆಯಂಶ ಗಾಳಿಯ ಆಮ್ಲಜನಕದೊಂದಿಗೆ ಬೆರೆತು ಗಟ್ಟಿಯಾಗಬೇಕು. ಇದು ಮೇಲಿನಿಂದ ಒಳಕ್ಕೆ ನಿಧಾನವಾಗಿ ಇಳಿಯುವ ಕೆಲಸ. ಮೇಲೆ ಕೆನೆ ಕಟ್ಟಿದ್ದರೂ ಅಡಿಯಲ್ಲಿ ಇನ್ನೂ ಮೆತ್ತಗಿರುತ್ತದೆ. ಕಾಫಿ ಕಣದಲ್ಲಿ ಹಣ್ಣು ಒಣಗಿದೆಯೇ ಎಂದು ತಿಳಿಯಲು ಒಂದು ಹಿಡಿ ಎತ್ತಿ ಅಲ್ಲಾಡಿಸುತ್ತಾರೆ. ಗಲಗಲ ಎಂದರೆ ಆಯಿತು. ಬಣ್ಣಕ್ಕೆ ಪರೀಕ್ಷೆ ಮೂಗಿನದು. ಪಾತ್ರೆ ಎತ್ತಿ ಕಾರನ್ನು ಮೂಗಿನ ಹತ್ತಿರ ಹಿಡಿಯಿರಿ. ಬಣ್ಣದ ವಾಸನೆ ಒಂದಿಷ್ಟು ಉಳಿದಿದ್ದರೂ ಪಾತ್ರೆ ಮತ್ತೆ ಬೋರಲು. ನನ್ನ ಅನುಭವದಲ್ಲಿ ಡಿಸೆಂಬರ್‌ನಲ್ಲಿ ಎರಡು ವಾರ ಸಾಕು, ಮಳೆಗಾಲದಲ್ಲಿ ತಿಂಗಳು ದಾಟುತ್ತದೆ.

ಬಣ್ಣ ತೆಳ್ಳಗಿದ್ದಷ್ಟೂ ಒಳ್ಳೆಯದು. ನಿಜವಾದ ಕಾರಿನ ಬಣ್ಣ ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಅದನ್ನು 24ರಿಂದ ಭಾಗಿಸಿದರೆ ಸಿಗುವುದು ನಾಲ್ಕು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ನಾಲ್ಕು ಭಾಗ. ಅಷ್ಟು ತೆಳ್ಳಗೆ ಬಳಿಯುವ ಕೈ ನನಗಂತೂ ಇಲ್ಲ. ಹಾಗಾಗಿ ನಮ್ಮ ಪುಟ್ಟ ಕಾರುಗಳೆಲ್ಲ ಅಳತೆ ಮೀರಿದ ಕಂಬಳಿ ಹೊದ್ದವೇ. ಒಂದೇ ಸಲ ದಪ್ಪಗೆ ಬಳಿದರೆ ಬಾಗಿಲಿನ ಸಂದು ಮುಚ್ಚಿಹೋಗುತ್ತದೆ. ಮೂರು ತೆಳು ಲೇಪನವೇ ವಾಸಿ.

ಒಣಗಿದ ಬಣ್ಣವನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಸಣ್ಣ ಸಣ್ಣ ಉಬ್ಬುತಗ್ಗು ಕಾಣುತ್ತವೆ. ಪೇಂಟರುಗಳು ಇದನ್ನು ಕಿತ್ತಳೆ ಸಿಪ್ಪೆ ಎನ್ನುತ್ತಾರೆ. 2000 ಸಂಖ್ಯೆಯ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ನುಣ್ಣನೆಯ ಉಜ್ಜುಕಾಗದ) ಅಂಚೆಚೀಟಿಯಷ್ಟು ಕತ್ತರಿಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಿನಲ್ಲಿ ನೆನೆಸಿ, ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಬೇಕು. ಕೆಂಪು ಬಣ್ಣ ಬೂದಿ ಬಳಿದಂತೆ ಮಂಕಾಗುತ್ತದೆ. ಮೊದಲ ಸಲ ಎದೆ ಧಸಕ್ಕೆನ್ನುವುದು ಇಲ್ಲೇ. ಒರೆಸಿ ನೋಡಿ: ಆ ಮಂಕಿನ ನಡುವೆ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಮಿಂಚುತ್ತಿರುತ್ತವೆ. ಮಿಂಚುವ ಚುಕ್ಕೆಯೇ ತಗ್ಗು, ಕಾಗದ ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಕೊನೆಯ ಚುಕ್ಕೆ ಮಾಯವಾಗುತ್ತಿದ್ದಂತೆ ಕೈ ನಿಲ್ಲಿಸಿ. ಇನ್ನೂ ನಾಲ್ಕು ಸಲ ಎಳೆಯೋಣ ಎಂಬ ಆಸೆ ಹುಟ್ಟಿದರೆ ಕೆಳಗಿನ ಬಿಳಿ ಪ್ಲಾಸ್ಟಿಕ್ ಇಣುಕುತ್ತದೆ. ಏಣುಗಳ ಮೇಲೆ, ಬಾನೆಟ್ಟಿನ ಅಂಚಿನಲ್ಲಿ ಬಣ್ಣ ತಾನಾಗಿಯೇ ತೆಳ್ಳಗಿರುತ್ತದೆ. ಅಲ್ಲಿಗೆ ಮೊದಲೇ ಸಣ್ಣ ಟೇಪು ಅಂಟಿಸಿಬಿಡುವುದು ಕ್ಷೇಮ.

ಮುಂದೆ 4000, 6000, 8000 ಹೀಗೆ ನುಣುಪಿನ ಕಾಗದಗಳು. ಪ್ರತಿಯೊಂದೂ ಹಿಂದಿನದರ ಗೀರನ್ನು ಅಳಿಸಿ ತನ್ನ ಸಣ್ಣ ಗೀರು ಬಿಡುತ್ತದೆ. ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಹೊಳಪು. ಹಳೇಬೀಡಿನ ಬಳಪದ ಕಲ್ಲಿನ ಕಂಬಗಳನ್ನು ಮುಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಹಳೆಯ ಬನಿಯನ್ ಬಟ್ಟೆಯಲ್ಲಿ ನುಣ್ಣನೆಯ ರಬ್ಬಿಂಗ್ ಕಾಂಪೌಂಡ್, ಅಂದರೆ ಬಣ್ಣ ಉಜ್ಜಿ ಹೊಳಪು ತರುವ ಪೇಸ್ಟು. ಹಲ್ಲುಜ್ಜುವ ಪೇಸ್ಟ್ ಕೂಡ ಕೆಲಸ ಮಾಡುತ್ತದೆ, ಆದರೆ ಸಂದುಗಳಲ್ಲಿ ಬಿಳಿಯಾಗಿ ಕೂತುಬಿಡುತ್ತದೆ. ಮೆತ್ತನೆಯ ಬ್ರಷ್ಷಿನಿಂದ ತೊಳೆದು ತೆಗೆಯಬೇಕು. ಯಂತ್ರ ಹಿಡಿದು ಉಜ್ಜುವವರಿದ್ದಾರೆ. ಬಿಸಿಗೆ ಎನಾಮೆಲ್ ಮೆತ್ತಗಾಗುವುದರಿಂದ ನನಗೆ ಧೈರ್ಯ ಸಾಲದು.

ಲೋಹದ ಮಿನುಗಿರುವ ಬಣ್ಣವನ್ನು ಮಾತ್ರ ಹೀಗೆ ಉಜ್ಜಬೇಡಿ, ಮಿನುಗು ಕಲೆಕಲೆಯಾಗುತ್ತದೆ. ಎನಾಮೆಲ್ ಮೇಲೆ ಲ್ಯಾಕರ್ ಎಂಬ ಬೇಗ ಒಣಗುವ ಲೇಪ ಸಿಂಪಡಿಸಿದರೆ ಅದರ ತಿನ್ನರ್ ಕೆಳಗಿನ ಬಣ್ಣವನ್ನು ಹಪ್ಪಳದಂತೆ ಎಬ್ಬಿಸಬಲ್ಲದು. ಅದನ್ನೂ ಒಮ್ಮೆ ಮಾಡಿ ನೋಡಿಯಾಗಿದೆ.

ಹೊಳಪು ಸರಿಬಂತೇ ಎಂದು ತಿಳಿಯಲು ಕಾರನ್ನು ಟ್ಯೂಬ್‌ಲೈಟಿನ ಕೆಳಗೆ ಮೆಲ್ಲಗೆ ತಿರುಗಿಸುತ್ತೇನೆ. ದೀಪದ ಬಿಂಬ ನಡುಗದೆ, ಅಂಚು ಕದಡದೆ ಚಾವಣಿಯ ಮೇಲೆ ಜಾರಿದರೆ ಮೇಣ ಹಚ್ಚಿ ಗಾಜಿನ ಪೆಟ್ಟಿಗೆಗೆ ಸೇರಿಸುತ್ತೇನೆ. ಈಗ ಪಾತ್ರೆಯಡಿ ಇರುವ ಬೀಟಲ್‌ನ ವಾಸನೆ ಇನ್ನೂ ಹೋಗಿಲ್ಲ. ಅದರ ಹಿಂದೆ ಸರದಿಯಲ್ಲಿ ಒಂದು ವಿಲ್ಲಿಸ್ ಜೀಪ್ ಕಾದಿದೆ. ಅದಕ್ಕೆ ಈ ಉಪಚಾರವೆಲ್ಲ ಬೇಡ. ನಮ್ಮ ಕಡೆಯ ತೋಟದ ಜೀಪನ್ನು ಮೈಮೇಲೆ ಕೆಸರಿಲ್ಲದೆ ಕಂಡವರು ಯಾರು?

ನಮಸ್ಕಾರ.