ಕೋಣೆಯ ಗುಂಯ್‌ಗುಡುವಿಕೆಗೆ ಹಳೇ ರ್‍ಯಾಕು, ಹಳೇ ಗಾದಿ: ಮನೆಯಲ್ಲೇ ಬಾಸ್ ಟ್ರ್ಯಾಪ್

ಮೊದಲು ಇದನ್ನು ಕೇಳಿ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಮೊಬೈಲ್ ಸ್ಪೀಕರ್‌ನಲ್ಲಿ ಈ ತೊಂದರೆ ಕೇಳಿಸುವುದೇ ಇಲ್ಲ.

ಹಾಡುತ್ತಿರುವವರು ನಮ್ಮ ಕಾಕಾ. ತತ್ವಪದ. ಕೈಯಲ್ಲಿ ಏಕತಾರಿ, ಪಕ್ಕದಲ್ಲಿ ತಬಲಾಕ್ಕೆ ಕೂತವರು ಅವರ ಗೆಳೆಯರು. ಈಗ ಸಾ ಬಂತು, ಗಮನಿಸಿ. ಆ ಒಂದು ಸ್ವರ ಮಾತ್ರ ಉಬ್ಬಿಕೊಂಡು ಬಂತು, ಅಲ್ವಾ? ಅದರ ಪಕ್ಕದ ರಿ ಸರಿ ಇದೆ, ಗ ಸರಿ ಇದೆ. ತಬಲಾದ ಎಡಗೈ ವಾದ್ಯ ಡಗ್ಗಾದ ಮೇಲೆ ಪೆಟ್ಟು ಬಿದ್ದು ಮುಗಿದರೂ ಗುಂಯ್ ಅಂತ ಸದ್ದು ಉಳಿದುಬಿಡುತ್ತದೆ, ಪದದ ಅಕ್ಷರಗಳು ಅದರೊಳಗೆ ಮುಳುಗಿಹೋಗುತ್ತವೆ. ತತ್ವಪದದಲ್ಲಿ ಮಾತೇ ಕೇಳಿಸದಿದ್ದರೆ ಉಳಿಯುವುದಾದರೂ ಏನು?

ಅವತ್ತು ಕಾಕಾ ಇದನ್ನು ಕೇಳಿಸಿಕೊಂಡು, "ನನ್ನ ದನಿನೇ ಹಿಂಗ ಆಗ್ಯಾದೇನೋ ತಮ್ಮಾ, ವಯಸ್ಸಾತು ನೋಡು" ಅಂದರು. ಆ ಮಾತು ನನಗೆ ಬಹಳ ದಿನ ಚುಚ್ಚಿತು. ಅವರ ದನಿಗೆ ಏನೂ ಆಗಿರಲಿಲ್ಲ. ತಪ್ಪು ಈ ಕೋಣೆಯದು. ಅದನ್ನು ಬಾಸ್ ಟ್ರ್ಯಾಪ್, ಅಂದರೆ ತಗ್ಗು ಸ್ವರವನ್ನು ಹೀರಿಕೊಳ್ಳುವ ಸಾಧನ, ಮಾಡಿಟ್ಟು ಹೇಗೆ ಸರಿ ಮಾಡಿದೆ ಅಂತ ಇವತ್ತು ತೋರಿಸುತ್ತೇನೆ.

ಇದು ಕಲಬುರಗಿಯ ಶಹಾಬಜಾರ್‌ನಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರವೂ 10 ಅಡಿ. ಕೆಳಗೆ ಶಹಾಬಾದ್ ಕಲ್ಲು, ಮೇಲೆ ಸ್ಲ್ಯಾಬ್, ಸುತ್ತ ಸಿಮೆಂಟ್ ಗೋಡೆ. ಬೇಸಿಗೆಯ ಮಧ್ಯಾಹ್ನ ಈ ಕಲ್ಲಿನ ಮೇಲೆ ಬರೀ ಮೈಯಲ್ಲಿ ಮಲಗಿದರೆ ಎಂಥ ಹಿತ! ಆದರೆ ಸದ್ದಿಗೆ ಇಲ್ಲಿ ಹೋಗಲು ದಾರಿಯೇ ಇಲ್ಲ. ಬಿದ್ದದ್ದು ಹಾಗೇ ವಾಪಸ್ ಬರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ, ಕಷ್ಟ ಏನಿಲ್ಲ. ಸದ್ದು ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ. ಅದನ್ನು ಎರಡು ಗೋಡೆ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಜ್, ಅಂದರೆ ಸೆಕೆಂಡಿಗೆ 47 ಕಂಪನ, ಬರುತ್ತದೆ, ಮೇಲೆ ಅದರ ಮಗ್ಗಿ: 94, 141. 10 ಅಡಿಗೆ 56 ಚಿಲ್ಲರೆ, ಆಮೇಲೆ 113. ಅಗಲ ಎತ್ತರ ಎರಡೂ ಒಂದೇ ಆಗಿರುವುದರಿಂದ ಈ 56, 113 ಎರಡೆರಡು ಸಲ ಬಂದು ಒಂದರ ಮೇಲೊಂದು ಕೂರುತ್ತವೆ. ಈ ಸ್ವರಗಳು ಹುಟ್ಟಿದರೆ ಗೋಡೆಗಳ ನಡುವೆ ಹೋಗಿ ಬಂದು, ಹೋಗಿ ಬಂದು ತಮ್ಮನ್ನು ತಾವೇ ದೊಡ್ಡದು ಮಾಡಿಕೊಳ್ಳುತ್ತವೆ. ಈಗ ನೋಡಿ, ಕಾಕಾ ಹಾಡುವುದು ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿಯಲ್ಲಿ. ಅವರ ಸಾ 138, 139 ಹರ್ಟ್ಜ್. ನಮ್ಮ ಕೋಣೆಯ 141ರ ಮಗ್ಗುಲಲ್ಲೇ! ಇದನ್ನು ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆಯಲ್ಲ, ಅಂಗಳವಿಲ್ಲದೆ ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ ಇರುವುದು. ಅಷ್ಟು ದೊಡ್ಡ ಜಾಗದಲ್ಲಿ ಇಂಥ ಸ್ವರಗಳು ನೂರಾರು ಇರುತ್ತವೆ, ಒತ್ತೊತ್ತಾಗಿ ಸೇರಿಕೊಂಡಿರುವುದರಿಂದ ಯಾವುದೋ ಒಂದೇ ಸ್ವರ ಎದ್ದು ನಿಲ್ಲುವುದಿಲ್ಲ. ಚಿಕ್ಕ ಕೋಣೆಯಲ್ಲಿ ಇರುವುದೇ ಕೆಲವು, ಅವೂ ದೂರ ದೂರ. ಅದಕ್ಕೇ ಕಿವಿಗೆ ಹೊಡೆಯುತ್ತವೆ. ಮನೆಯಲ್ಲಿ ರೆಕಾರ್ಡ್ ಮಾಡುವ ನಮ್ಮೆಲ್ಲರ ಕಷ್ಟ ಇದು.

ಮೊದಲು ನಾನು ಎಲ್ಲರ ಹಾಗೆ 2 ಇಂಚಿನ ಫೋಮ್ ತಂದು ಗೋಡೆ ತುಂಬಾ ಅಂಟಿಸಿದೆ. ದುಡ್ಡು ಹೋಯಿತು. ಅಷ್ಟು ತೆಳು ಫೋಮು ಮೇಲಿನ ಸ್ವರಗಳನ್ನು ಮಾತ್ರ ನುಂಗುತ್ತದೆ. ಅಂದರೆ ಏಕತಾರಿಯ ತಂತಿಯ ಮಿಂಚು ಹೋಯಿತು, ಗುಂಯ್ ಹಾಗೇ ಉಳಿಯಿತು, ಮೊದಲಿಗಿಂತ ಮಂಕಾಗಿ ಕೇಳಿಸಿತು. ಮೊಟ್ಟೆ ಟ್ರೇ ಅಂಟಿಸುವವರೂ ಇದ್ದಾರೆ, ದಯವಿಟ್ಟು ಬೇಡ, ತಗ್ಗು ಸ್ವರಕ್ಕೆ ಅದರಿಂದ ಏನೂ ಆಗಲ್ಲ.

ತಗ್ಗು ಸ್ವರಕ್ಕೆ ಬೇಕಾಗಿರುವುದು ದಪ್ಪ. ಗೋಡೆಗೆ ತಾಗಿದ ಕಡೆ ಗಾಳಿ ಅಲುಗಾಡುವುದಿಲ್ಲ, ಸುಮ್ನೆ ಒತ್ತಡ ಇರುತ್ತದೆ. ಗೋಡೆಯಿಂದ ಅಲೆಯ ಕಾಲು ಭಾಗದಷ್ಟು ಈಚೆ ಬಂದಾಗ ಗಾಳಿ ಅತಿ ಜೋರಾಗಿ ಓಡಾಡುತ್ತದೆ, ಅರಳೆಯಂಥ ವಸ್ತು ಅಲ್ಲಿ ಸಿಕ್ಕರೆ ಆ ಓಟವನ್ನು ಹಿಡಿದು ನಿಲ್ಲಿಸುತ್ತದೆ. 141 ಹರ್ಟ್ಜ್ ಅಲೆ ಸುಮಾರು 8 ಅಡಿ. ಕಾಲು ಭಾಗ ಅಂದರೆ 2 ಅಡಿ. ಗೋಡೆಗೆಲ್ಲ 2 ಅಡಿ ದಪ್ಪ ತುಂಬಿದರೆ ಕೂರಲು ಜಾಗ ಎಲ್ಲಿ? ಅದಕ್ಕೇ ಮೂಲೆ. ಎಲ್ಲ ಅಲೆಗಳೂ ಮೂಲೆಗೆ ಬಂದು ಸೇರುತ್ತವೆ, ನಾವು ಬಳಸದ ಜಾಗವೂ ಅದೇ. ನಂಬಿಕೆ ಬರದಿದ್ದರೆ ದೊಡ್ಡ ಸ್ಪೀಕರ್‌ನಲ್ಲಿ 56 ಹರ್ಟ್ಜ್ ಸ್ವರ ಹಾಕಿ ಕೋಣೆಯಲ್ಲಿ ನಡೆದಾಡಿ. ಇಗೋ, ನಡುವೆ ನಿಂತಿದ್ದೇನೆ, ಸದ್ದು ಹೆಚ್ಚುಕಡಿಮೆ ಇಲ್ಲ. ಮೂಲೆಗೆ ತಲೆ ಇಟ್ಟೆ, ಎದೆ ನಡುಗುತ್ತದೆ.

ಈಗ ಸಾಮಾನು. ಈ ಎರಡು ಪುಸ್ತಕದ ರ್‍ಯಾಕು ಗುಜರಿಯಲ್ಲಿ ಸಿಕ್ಕವು, ಒಂದಕ್ಕೆ 700 ರೂಪಾಯಿ. ಎತ್ತರ 6 ಅಡಿ, ಅಗಲ ಎರಡೂವರೆ, ಆಳ 1 ಅಡಿ, ಐದೈದು ಖಾನೆ. ಹಿಂದಿನ ಹಲಗೆ ಕಿತ್ತು ತೆಗೆದೆ. ಅದು ಇರಲೇಬಾರದು. ರ್‍ಯಾಕನ್ನು ಮೂಲೆಗೆ ಅಡ್ಡಡ್ಡ ನಿಲ್ಲಿಸಿದರೆ ಹಿಂದೆ ಮೂರು ಮೂಲೆಯ ಖಾಲಿ ಜಾಗ ಉಳಿಯುತ್ತದೆ, ನಡುವೆ ಅಳೆದರೆ 15 ಇಂಚು. ರ್‍ಯಾಕಿನ ಆಳ 12 ಇಂಚು ಸೇರಿಸಿ. ಮೂಲೆಯಿಂದ ಅದರ ಮುಖದವರೆಗೆ 27 ಇಂಚು ಆಯಿತು. ನಮಗೆ ಬೇಕಾಗಿದ್ದ ದೂರ ಸಿಕ್ಕೇಬಿಟ್ಟಿತು.

ಒಳಗೆ ತುಂಬಲು ರಾಕ್‌ವೂಲ್ ಒಳ್ಳೇ ವಸ್ತು, ಬೆಂಕಿನೂ ಹತ್ತಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಅಟ್ಟದ ಮೇಲೆ ಎರಡು ದೊಡ್ಡ ಹತ್ತಿ ಗಾದಿ ಸುಮ್ನೆ ಬಿದ್ದಿದ್ದವು. ಗಾದಿ ಹೊಲಿಯುವ ಚಾಚಾ ಹತ್ತಿರ ಒಯ್ದು ಅರಳೆ ಹಿಂಜಿಸಿದೆ. ಗಟ್ಟಿ ಹೆಂಟೆಯಂತಾಗಿದ್ದ ಅರಳೆ ಮಶಿನ್‌ನಿಂದ ಹೊರಗೆ ಬರುವಾಗ ನೋಡಬೇಕು, ಮೋಡದ ಹಾಗೆ ಎದ್ದು ಬಂತು. ನಾನು ಸಡಿಲವಾಗಿ ತುಂಬಿ ಅಂದಾಗ ಚಾಚಾ ಒಪ್ಪಲಿಲ್ಲ. "ಇಷ್ಟು ಸಡ್ಲ ತುಂಬಿದ್ರ ತಿಂಗಳದಾಗ ಕೆಳಗ ಕುಂತುಬಿಡ್ತದ ಬೇಟಾ." ಮಲಗಲಿಕ್ಕೆ ಅಲ್ಲ ಚಾಚಾ, ದನಿ ಹೀರಲಿಕ್ಕೆ, ರ್‍ಯಾಕಿನಲ್ಲಿ ಇಡುತ್ತೇನೆ ಅಂದೆ. ಒಂದು ಗಳಿಗೆ ಯೋಚನೆ ಮಾಡಿ, "ಹಂಗಾದ್ರ ಖಾನಾಕ್ಕೊಂದು ಥೈಲಿ ಮಾಡು, ಕುಂತ್ರೂ ಒಂದ್ ಗೇಣಿನಾಗ ಕುಂದರ್ತದ" ಅಂದರು. ಇಡೀ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಬುದ್ಧಿವಾದ ಅದೇ. ಬರೀ ಚೌಕಟ್ಟು ಕಟ್ಟಿ ಅರಳೆ ಸುರಿದಿದ್ದರೆ ಮೇಲಿನ 2 ಅಡಿ ಖಾಲಿಯಾಗಿ, ಕೆಳಗೆಲ್ಲ ಗಟ್ಟಿಯಾಗುತ್ತಿತ್ತು. ಪುಸ್ತಕದ ರ್‍ಯಾಕಿನ ಅಡ್ಡ ಹಲಗೆಗಳು ಅದನ್ನು ತಡೆಯುತ್ತವೆ.

ಅವ್ವ ಹಳೇ ಧೋತ್ರದಲ್ಲಿ ಹತ್ತು ಚೀಲ ಹೊಲಿದು ಕೊಟ್ಟಳು. ಬಟ್ಟೆಗೆ ಒಂದೇ ಪರೀಕ್ಷೆ: ಬಾಯಿಗೆ ಒತ್ತಿ ಹಿಡಿದು ಊದಿ. ಉಸಿರು ಆಚೆ ದಾಟಿದರೆ ಸದ್ದೂ ದಾಟುತ್ತದೆ. ರೆಕ್ಸಿನ್, ದಪ್ಪ ಪ್ಲಾಸ್ಟಿಕ್ ಬೇಡ. ಮೊದಲ ಸಲ ನಾನು ಚೀಲಕ್ಕೆ 3 ಕೆಜಿ ತುರುಕಿದ್ದೆ, ಲೋಡಿನ ಹಾಗೆ ಗಟ್ಟಿಯಾಗಿತ್ತು, ಅಳತೆ ಮಾಡಿದರೆ ವ್ಯತ್ಯಾಸ ಬಹಳ ಕಡಿಮೆ. ದಪ್ಪ ಜಾಸ್ತಿ ಇದ್ದಾಗ ಅರಳೆ ಬಿಗಿಯಾದರೆ ಅಲೆ ಒಳಗೆ ಹೋಗದೆ ಮುಖಕ್ಕೇ ತಾಗಿ ವಾಪಸಾಗುತ್ತದೆ. ಎಲ್ಲ ಬಿಚ್ಚಿ ಮತ್ತೆ ತುಂಬಿದೆ, ಚೀಲಕ್ಕೆ 1.8 ಕೆಜಿ, ರ್‍ಯಾಕಿಗೆ 9 ಕೆಜಿ. ಬೆರಳು ಒತ್ತಿದರೆ ಮುಂಗೈವರೆಗೆ ಸಲೀಸಾಗಿ ಇಳಿಯಬೇಕು, ನೋಡಿ, ಹೀಗೆ.

ಮುಂದೆ ಅವ್ವನ ಹಳೇ ಕಾಟನ್ ಸೀರೆ ಎಳೆದು ಪಿನ್ ಹೊಡೆದೆ. ಹಿಂದೆ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ, ಇಲಿ ಗೂಡು ಕಟ್ಟಬಾರದು ಅಂತ. ನುಣುಪು ಕಲ್ಲಿನ ಮೇಲೆ ರ್‍ಯಾಕು ಜಾರುತ್ತದೆ, ಮನೆಯಲ್ಲಿ ಮಕ್ಕಳಿದ್ದಾರೆ, ಹಾಗಾಗಿ ಮೇಲೆ ಎರಡು ಎಲ್ ಕ್ಲ್ಯಾಂಪ್ ಹಾಕಿ ಗೋಡೆಗೆ ಬಿಗಿದಿದ್ದೇನೆ. ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ: ಅರಳೆಗೆ ಬೆಂಕಿ ಬೇಗ ಹತ್ತುತ್ತದೆ. ಆ ಮೂಲೆಯಲ್ಲಿದ್ದ ಪ್ಲಗ್ ಪಾಯಿಂಟ್ ಪೂರ್ತಿ ತೆಗೆಸಿದೆ. ಊದಿನಕಡ್ಡಿ, ದೀಪ ಈ ಕೋಣೆಗೆ ಬರುವುದಿಲ್ಲ.

ಗೋಡೆಯ ಫೋಮ್ ಎಲ್ಲ ತೆಗೆದು, ಮೈಕಿನ ಹಿಂದೆ ಅಜ್ಜಿ ಹೊಲಿದ ಕೌದಿ ತೂಗುಹಾಕಿದ್ದೇನೆ, ಗೋಡೆಯಿಂದ 4 ಇಂಚು ಈಚೆಗೆ. ಅದು ತಗ್ಗು ಸ್ವರಕ್ಕಲ್ಲ, ಮಾತು ಗೋಡೆಗೆ ಬಡಿದು ಬರುವುದನ್ನು ತಡೆಯಲಿಕ್ಕೆ.

ಅಳೆದದ್ದು ರೂಮ್ ಈಕ್ಯೂ ವಿಝಾರ್ಡ್‌ನಲ್ಲಿ, ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಎಡಗಡೆ ಹಳೇ ಗ್ರಾಫ್, ಬಲಗಡೆ ಹೊಸದು. 141ರ ಗುಡ್ಡ 5 ಡೆಸಿಬಲ್ ಇಳಿದಿದೆ, ಸ್ವರ ನಿಂತ ಮೇಲೂ ಉಳಿಯುತ್ತಿದ್ದ ಸದ್ದಿನ ಬಾಲ ಅರ್ಧಕ್ಕರ್ಧ ಗಿಡ್ಡ ಆಗಿದೆ. 113ರಲ್ಲೂ ಚೆನ್ನಾಗಿದೆ. 47 ಮಾತ್ರ ಹಾಗೇ ಇದೆ, ಅದರ ಅಲೆ 24 ಅಡಿ, ಇಷ್ಟು ಅರಳೆಗೆ ಬಗ್ಗುವುದಿಲ್ಲ. ಹಾಡಿಗೆ ಅದು ಅಡ್ಡ ಬರುವುದೂ ಇಲ್ಲ, ಬಿಟ್ಟಿದ್ದೇನೆ. ಉಳಿದ ಎರಡು ಮೂಲೆಗೆ ಇನ್ನೆರಡು ರ್‍ಯಾಕು ಹುಡುಕುತ್ತಿದ್ದೇನೆ.

ಫ್ಯಾನ್ ಆಫ್ ಮಾಡುತ್ತೇನೆ. ಕಾಕಾ ಏಕತಾರಿ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ. ಅದೇ ಪದ, ಅದೇ ಮೈಕು, ಕೂತಿರುವುದೂ ಅದೇ ಜಾಗ. ಸಾ ಬರುವಾಗ ಕೇಳಿ.